ಹೆಡ್ಜ್‌ಹಾಗ್‌ಗೆ ಹುಷಾರಿಲ್ಲದಾಗ: ಹದಿಮೂರು ತಪ್ಪು ಕಲ್ಪನೆಗಳು, ಅವುಗಳ ವಾಸ್ತವ

ಅಮೆರಿಕ, ಬ್ರಿಟನ್, ಜಪಾನ್‌ಗಳ ಮನೆಗಳಲ್ಲಿ ಅಂಗೈಯಲ್ಲಿ ಕೂರುವ ಮುಳ್ಳಿನ ಪ್ರಾಣಿಯೊಂದು ಮುದ್ದಿನ ಸಾಕುಪ್ರಾಣಿಯಾಗಿದೆ. ಅದು ಆಫ್ರಿಕದ ಕುಬ್ಜ ಹೆಡ್ಜ್‌ಹಾಗ್. ತೂಕ ಸಾಮಾನ್ಯವಾಗಿ 300ರಿಂದ 600 ಗ್ರಾಂ, ಆಯುಷ್ಯ ಹೆಚ್ಚಾಗಿ ನಾಲ್ಕೈದು ವರ್ಷ. ಕಾಲುಬಾಯಿ ರೋಗದ ಭಯದಿಂದ 1991ರಲ್ಲಿ ಅಮೆರಿಕ ಆಫ್ರಿಕದಿಂದ ಇವುಗಳ ಆಮದು ನಿಲ್ಲಿಸಿತು. ಈಗ ಅಲ್ಲಿನ ಮನೆಗಳಲ್ಲಿರುವವು ಬಹುಮಟ್ಟಿಗೆ ಅದಕ್ಕೆ ಮುಂಚೆ ಬಂದವುಗಳ ಸಂತತಿ. ಕ್ಯಾಲಿಫೋರ್ನಿಯಾ, ಜಾರ್ಜಿಯಾ, ಹವಾಯಿ ರಾಜ್ಯಗಳಲ್ಲೂ ನ್ಯೂಯಾರ್ಕ್ ನಗರದಲ್ಲೂ ಇದನ್ನು ಸಾಕುವಂತಿಲ್ಲ.

ಆರೋಗ್ಯವಾಗಿರುವವರೆಗೆ ಇದರ ಪಾಲನೆ ಸುಲಭ. ಕಾಯಿಲೆ ಬಿದ್ದಾಗ ತೊಡಕು ಶುರುವಾಗುತ್ತದೆ. ನಾಯಿ, ಬೆಕ್ಕು ಸಾಕಿದ ಅನುಭವವನ್ನು ಒಬ್ಬರು ಮುಂದಿಡುತ್ತಾರೆ, ಊರಿಂದ ಬಂದ ಅಜ್ಜಿ ಮನೆಮದ್ದು ಹೇಳುತ್ತಾರೆ, ಬ್ರಿಟನ್ನಿನ ತೋಟದ ಹೆಡ್ಜ್‌ಹಾಗ್ ಬಗ್ಗೆ ಓದಿದ್ದನ್ನು ಇನ್ನೊಬ್ಬರು ಇದಕ್ಕೂ ಅನ್ವಯಿಸುತ್ತಾರೆ. ಎಲ್ಲರದೂ ಒಳ್ಳೆಯ ಉದ್ದೇಶವೇ. ಆದರೆ ಇಷ್ಟು ಪುಟ್ಟ ದೇಹದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ. ಪದೇ ಪದೇ ಕೇಳಿಬರುವ ಅಂಥ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇದು ಮುಳ್ಳುಹಂದಿಯ ಮರಿಯಂಥದ್ದು, ಇಲಿ-ಮೊಲಕ್ಕೆ ಕೊಡುವುದನ್ನೇ ಕೊಟ್ಟರಾಯಿತು.

ವಾಸ್ತವ: ಮೈಮೇಲೆ ಮುಳ್ಳಿದೆ ಎಂಬುದನ್ನು ಬಿಟ್ಟರೆ ಮುಳ್ಳುಹಂದಿಗೂ ಇದಕ್ಕೂ ನಂಟಿಲ್ಲ. ಮುಳ್ಳುಹಂದಿ ದಂಶಕಗಳ ಗುಂಪಿಗೆ ಸೇರಿದ್ದು, ಸಸ್ಯಾಹಾರಿ. ಹೆಡ್ಜ್‌ಹಾಗ್ ಮುಖ್ಯವಾಗಿ ಹುಳಹುಪ್ಪಟೆ ತಿಂದು ಬದುಕುವ ಪ್ರಾಣಿ, ಸೊಂಡಿಲಿಗೆ ಹತ್ತಿರದ ಸಂಬಂಧಿ. ಇದಕ್ಕೆ ಬೇಕಾದದ್ದು ಪ್ರೋಟೀನ್ ಹೆಚ್ಚಿರುವ, ಕೊಬ್ಬು ಮಿತವಾಗಿರುವ ಆಹಾರ. ಮೊಲಕ್ಕೆ ಕೊಡುವ ಹುಲ್ಲಿನ ಉಂಡೆ, ಗಿಳಿಗೆ ಕೊಡುವ ಕಾಳು ಇದಕ್ಕೆ ಆಗಿಬರುವುದಿಲ್ಲ. ಹುಷಾರಿಲ್ಲದ ದಿನಗಳಲ್ಲಂತೂ ಆಹಾರದ ಪ್ರಯೋಗ ಬೇಡವೇ ಬೇಡ. ದಿನವೂ ತಿನ್ನುತ್ತಿದ್ದುದನ್ನೇ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡುವುದು ಮೇಲು.

ತಪ್ಪು ಕಲ್ಪನೆ 2: ಚಳಿಗಾಲದಲ್ಲಿ ಮುದುರಿ ಮಲಗಿದರೆ ಅದು ಶಿಶಿರನಿದ್ರೆ, ಎಬ್ಬಿಸಬಾರದು.

ವಾಸ್ತವ: ಸಾಕಿದ ಹೆಡ್ಜ್‌ಹಾಗ್‌ನ ಪ್ರಾಣಕ್ಕೆ ಅತಿ ಬೇಗ ಎರವಾಗುವ ತಪ್ಪು ಕಲ್ಪನೆ ಇದೇ. ಶಿಶಿರನಿದ್ರೆ ಮಾಡುವುದು ಯೂರೋಪಿನ ಕಾಡು ಹೆಡ್ಜ್‌ಹಾಗ್. ಅದು ಶರತ್ಕಾಲವೆಲ್ಲ ತಿಂದು ಕೊಬ್ಬು ಕೂಡಿಟ್ಟುಕೊಂಡು, ಗೂಡು ಕಟ್ಟಿಕೊಂಡು ಮಲಗುತ್ತದೆ. ನಮ್ಮ ಕಥೆಯ ಪ್ರಾಣಿ ಬಂದದ್ದು ಸಮಭಾಜಕಕ್ಕೆ ಹತ್ತಿರದ ಬಿಸಿಲು ನಾಡಿನಿಂದ. ಅದರ ಗೂಡಿನ ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್, ಅಂದರೆ ಅಮೆರಿಕದ ಲೆಕ್ಕದಲ್ಲಿ ಸುಮಾರು 75ರಿಂದ 85 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ದೇಹ ಜಡಸ್ಥಿತಿಗೆ ಜಾರತೊಡಗುತ್ತದೆ. ಕೆಲವಕ್ಕೆ ಅದಕ್ಕಿಂತ ಮೊದಲೇ ಹೀಗಾಗುವುದುಂಟು. ಉಸಿರು ನಿಧಾನವಾಗುತ್ತದೆ, ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಹಾಗೇ ಬಿಟ್ಟರೆ ಸಾಯುತ್ತದೆ.

ಗುರುತಿಸುವುದು ಕಷ್ಟವಲ್ಲ. ಹೊಟ್ಟೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ನಿದ್ದೆ, ತಣ್ಣಗಿದ್ದರೆ ಅಪಾಯ. ಎಬ್ಬಿಸಿದಾಗ ಕುಡಿದವರಂತೆ ತೂರಾಡುವುದು, ಮುಟ್ಟಿದರೂ ಬುಸುಗುಡದೆ ಸುಮ್ಮನಿರುವುದು ಇತರ ಲಕ್ಷಣಗಳು. ಬೆಳಕು ಕಡಿಮೆಯಾದರೂ ದೇಹ ಚಳಿಗಾಲ ಬಂತೆಂದು ತಿಳಿಯುವುದರಿಂದ ದಿನಕ್ಕೆ 12-14 ಗಂಟೆ ಬೆಳಕಿರುವಂತೆ ನೋಡಿಕೊಳ್ಳಬೇಕು. ಕರೆಂಟ್ ಹೋದರೆ ಏನು ಮಾಡುವುದೆಂಬ ಯೋಚನೆಯೂ ಮೊದಲೇ ಇರಲಿ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಲಕ್ಷಾಂತರ ಮನೆಗಳು ದಿನಗಟ್ಟಲೆ ಕರೆಂಟಿಲ್ಲದೆ ಕೊರೆಯುತ್ತಿದ್ದವು. ಹೀಟರನ್ನೇ ನಂಬಿದ ಪ್ರಾಣಿಗೆ ಅಂಥ ಒಂದು ರಾತ್ರಿ ಸಾಕು.

ತಪ್ಪು ಕಲ್ಪನೆ 3: ತಣ್ಣಗಾಗಿದ್ದರೆ ಬಿಸಿನೀರಲ್ಲಿ ಅದ್ದಿ ಬೇಗ ಬೆಚ್ಚಗೆ ಮಾಡಬೇಕು.

ವಾಸ್ತವ: ಬೆಚ್ಚಗೆ ಮಾಡಬೇಕು ನಿಜ, ಆದರೆ ಗಡಿಬಿಡಿಯಿಂದಲ್ಲ. ನೀರಿಗೆ ಹಾಕಿದರೆ ಮೈ ಒದ್ದೆಯಾಗಿ ಆಮೇಲೆ ಇನ್ನಷ್ಟು ತಣ್ಣಗಾಗುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿ, ಬರಿಯ ಹೀಟಿಂಗ್ ಪ್ಯಾಡ್ ಚರ್ಮವನ್ನು ಸುಡಬಹುದು, ಏಕೆಂದರೆ ಜಡಸ್ಥಿತಿಯಲ್ಲಿರುವ ಪ್ರಾಣಿ ಸರಿದುಕೊಳ್ಳಲಾರದು. ಅಂಗಿಯೊಳಗೆ ನಿಮ್ಮ ಎದೆಗೆ ಒತ್ತಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಜೊತೆಗೆ ಉಗುರುಬೆಚ್ಚಗಿನ ನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಮೈ ಪೂರ್ತಿ ಬೆಚ್ಚಗಾಗಿ ತಲೆ ಎತ್ತುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಆಮೇಲೆ ನೀರು, ನಂತರ ಆಹಾರ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಕೋಣೆ ಬೆಚ್ಚಗಿದ್ದೂ ಮೈ ತಣ್ಣಗಾಗಿದ್ದರೆ ಒಳಗೆ ಬೇರೇನೋ ಕಾಯಿಲೆ ಇರಬಹುದು.

ತಪ್ಪು ಕಲ್ಪನೆ 4: ಹಗಲೆಲ್ಲ ಮಲಗುವ ಪ್ರಾಣಿಯ ಕಾಯಿಲೆ ಗೊತ್ತಾಗುವುದಾದರೂ ಹೇಗೆ?

ವಾಸ್ತವ: ಗೊತ್ತಾಗುತ್ತದೆ, ರಾತ್ರಿಯ ಲೆಕ್ಕ ಇಟ್ಟರೆ. ಇದು ನಿಶಾಚರಿ. ಬೆಳಗ್ಗೆ ಎದ್ದು ನೋಡಿದಾಗ ಬಟ್ಟಲಿನ ಆಹಾರ ಎಷ್ಟು ಖಾಲಿಯಾಗಿದೆ, ನೀರು ಇಳಿದಿದೆಯೇ, ಓಡುವ ಚಕ್ರ ಕೊಳೆಯಾಗಿದೆಯೇ ಎಂಬ ಮೂರು ಸಂಗತಿಗಳು ಬಹಳಷ್ಟು ಹೇಳುತ್ತವೆ. ಚಕ್ರ ಸ್ವಚ್ಛವಾಗಿಯೇ ಉಳಿದಿದ್ದರೆ ರಾತ್ರಿ ಅದು ಓಡಿಲ್ಲ. ಹಿಕ್ಕೆ ಹಸಿರಾಗಿ ಲೋಳೆಯಾಗಿದ್ದು ಎರಡು ದಿನಕ್ಕೂ ಸರಿಹೋಗದಿದ್ದರೆ, ಕಪ್ಪಗಿದ್ದರೆ, ರಕ್ತ ಕಂಡರೆ ತಡ ಮಾಡಬಾರದು.

ಇವೆಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಅಡುಗೆಮನೆಯಲ್ಲಿ ಬಳಸುವಂಥ, ಗ್ರಾಂ ತೋರಿಸುವ ತಕ್ಕಡಿ. ಅದಕ್ಕೆಂದೇ ಬೇರೆಯದೊಂದನ್ನು ಇಟ್ಟುಕೊಳ್ಳಿ. ವಾರಕ್ಕೊಮ್ಮೆ, ಹುಷಾರಿಲ್ಲದಾಗ ದಿನವೂ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ಬೇಟೆಗೆ ಸಿಗುವ ಪ್ರಾಣಿಗಳೆಲ್ಲ ನೋವನ್ನು ಮುಚ್ಚಿಡುತ್ತವೆ, ತೂಕವನ್ನು ಮುಚ್ಚಿಡಲಾರವು. 400 ಗ್ರಾಂ ಇದ್ದದ್ದು 360ಕ್ಕೆ ಇಳಿದರೆ ನೋಡುವ ಕಣ್ಣಿಗೆ ಏನೂ ಅನ್ನಿಸದು. ಅದು ಹತ್ತನೇ ಒಂದು ಪಾಲು ಎಂಬುದು ತಕ್ಕಡಿಗಷ್ಟೇ ಗೊತ್ತು.

ತಪ್ಪು ಕಲ್ಪನೆ 5: ಹೊಟ್ಟೆ ಕೆಟ್ಟಿದ್ದರೆ ಎರಡು ದಿನ ಉಪವಾಸ ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

ವಾಸ್ತವ: ಲಂಘನಂ ಪರಮೌಷಧಂ ಎಂಬ ನಮ್ಮ ಹಿರಿಯರ ಮಾತು ಈ ಪ್ರಾಣಿಗೆ ಸಲ್ಲದು. ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಬೊಜ್ಜು ಸಾಮಾನ್ಯ. ಬೊಜ್ಜು ಬಂದ ಪ್ರಾಣಿ ತಿನ್ನುವುದು ಬಿಟ್ಟಾಗ ದೇಹ ತನ್ನ ಕೊಬ್ಬನ್ನು ಕರಗಿಸತೊಡಗುತ್ತದೆ. ಆ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಂಡು ಯಕೃತ್ತೇ ಕೆಲಸ ನಿಲ್ಲಿಸುತ್ತದೆ. ಹೀಗೆ ಮೂಲ ಕಾಯಿಲೆ ಹಲ್ಲುನೋವೋ ಶೀತವೋ ಆಗಿದ್ದರೂ ಸಾವು ಬರುವುದು ಫ್ಯಾಟಿ ಲಿವರ್‌ನಿಂದ. ಒಂದು ರಾತ್ರಿ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡನೇ ರಾತ್ರಿಯವರೆಗೆ ಕಾಯಬೇಡಿ. ಬಾಯೊಳಗೆ ನೋವಿದ್ದಾಗ ಹಸಿವಿದ್ದರೂ ಗಟ್ಟಿ ಆಹಾರವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಮೆತ್ತನೆಯದನ್ನು, ಸ್ವಲ್ಪ ಬೆಚ್ಚಗೆ ಮಾಡಿ ವಾಸನೆ ಏಳುವಂತೆ ಇಟ್ಟು ನೋಡಿ.

ತಪ್ಪು ಕಲ್ಪನೆ 6: ತಿನ್ನದಿದ್ದರೆ ಬಾಯಿ ತೆರೆಸಿ ಸಿರಿಂಜ್‌ನಿಂದ ಹಾಕಿದರೆ ಮುಗಿಯಿತು.

ವಾಸ್ತವ: ಸಿರಿಂಜ್ ಪ್ರಾಣ ಉಳಿಸುವ ಸಾಧನವೇ. ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವಂತೆ ಮಲಗಿಸಿ ಬಾಯಿಗೆ ಸುರಿದರೆ ಮಾತ್ರ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಅಂಗಾತ ಹಿಡಿಯಬಾರದು. ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ, ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರುವಂತೆ ಹಿಡಿಯಬೇಕು. ಸೂಜಿ ಇಲ್ಲದ 1 ಮಿಲಿಲೀಟರ್ ಸಿರಿಂಜ್ ಸಾಕು. ಅದರ ತುದಿಯನ್ನು ಬಾಯಿಯ ಪಕ್ಕದಿಂದ ಇಟ್ಟು ಒಂದೆರಡು ತೊಟ್ಟು ಬಿಟ್ಟು, ನುಂಗಿದ ಮೇಲೆ ಮತ್ತೆ ಒಂದೆರಡು ತೊಟ್ಟು. ನುಂಗದಿದ್ದರೆ ನಿಲ್ಲಿಸಿ. ಮೂಗಿನಲ್ಲಿ ಗುಳ್ಳೆ ಬಂದರೆ, ಕೆಮ್ಮಿದರೆ ತಕ್ಷಣ ನಿಲ್ಲಿಸಿ.

ಕೊಡುವುದೇನು? ಮಾಂಸಾಹಾರಿ ಪ್ರಾಣಿಗಳ ಚೇತರಿಕೆಗೆಂದೇ ತಯಾರಾದ ಪುಡಿ ಅಥವಾ ಪೇಸ್ಟ್ ಪಶುವೈದ್ಯರ ಬಳಿ ಸಿಗುತ್ತದೆ. ಅದಿಲ್ಲದ ರಾತ್ರಿಗೆ ಬೇಯಿಸಿ ನುಣ್ಣಗೆ ಅರೆದ ಬರಿಯ ಕೋಳಿಮಾಂಸ ನಡೆಯುತ್ತದೆ. ಅದಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ದಿನಕ್ಕೆ ಎಷ್ಟು ಎಂಬುದನ್ನು ಪ್ರಾಣಿಯ ತೂಕ ನೋಡಿ ವೈದ್ಯರೇ ಹೇಳಬೇಕು. ನಿರ್ಜಲೀಕರಣ ಹೆಚ್ಚಾಗಿದ್ದರೆ ಬಾಯಿಯ ನೀರು ಸಾಲದು. ಚರ್ಮದಡಿಗೆ ದ್ರವ ಕೊಡಬೇಕಾಗುತ್ತದೆ.

ತಪ್ಪು ಕಲ್ಪನೆ 7: ನಿತ್ರಾಣವಾಗಿದೆ, ಒಂದಿಷ್ಟು ಹಾಲು ಕೊಟ್ಟರೆ ಶಕ್ತಿ ಬರುತ್ತದೆ.

ವಾಸ್ತವ: ಬ್ರಿಟನ್ನಿನಲ್ಲಿ ತೋಟಕ್ಕೆ ಬರುವ ಹೆಡ್ಜ್‌ಹಾಗ್‌ಗೆ ಹಾಲು-ಬ್ರೆಡ್ ಇಡುವ ರೂಢಿ ಬಹಳ ಕಾಲದಿಂದ ಇತ್ತು. ಅಲ್ಲಿನ ವನ್ಯಜೀವಿ ಸಂಘಟನೆಗಳು ಈಗ ಅದನ್ನು ಬಿಡಿ ಎನ್ನುತ್ತಿವೆ. ಬೆಳೆದ ಹೆಡ್ಜ್‌ಹಾಗ್‌ಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ. ಮೊದಲೇ ಬಳಲಿದ ದೇಹದಿಂದ ಇದ್ದ ನೀರೂ ಹೊರಟುಹೋಗುತ್ತದೆ. ನೀರೇ ಸಾಕು.

ತಪ್ಪು ಕಲ್ಪನೆ 8: ತೂರಾಡುತ್ತಿದೆ ಎಂದರೆ ವಾಬ್ಲಿ ಹೆಡ್ಜ್‌ಹಾಗ್ ಸಿಂಡ್ರೋಮ್. ಇನ್ನು ಮಾಡುವುದೇನೂ ಇಲ್ಲ.

ವಾಸ್ತವ: ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಈ ಸಿಂಡ್ರೋಮ್ ಇರುವುದು ನಿಜ. ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಸವೆದು, ಹಿಂಗಾಲುಗಳಿಂದ ಶುರುವಾದ ಬಲಹೀನತೆ ಮುಂದಕ್ಕೆ ಏರುತ್ತ ಕೊನೆಗೆ ಪೂರ್ತಿ ಪಾರ್ಶ್ವವಾಯುವಾಗುತ್ತದೆ. ಉತ್ತರ ಅಮೆರಿಕದ ಸಾಕು ಹೆಡ್ಜ್‌ಹಾಗ್‌ಗಳಲ್ಲಿ ಶೇ. 10ರಷ್ಟಕ್ಕೆ ಇದು ಬರುತ್ತದೆಂಬ ಅಂದಾಜಿದೆ. ಹೆಚ್ಚಾಗಿ ಎರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ವಂಶವಾಹಿ ದೋಷವೇ ಕಾರಣವಿರಬೇಕೆಂದು ಪಶುವೈದ್ಯರ ಶಂಕೆ. ಗುಣಪಡಿಸುವ ಔಷಧಿ ಇಲ್ಲ. ಆದರೆ ಇದೇ ಎಂದು ಖಚಿತವಾಗುವುದು ಸತ್ತ ಮೇಲೆ ನರಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಬದುಕಿರುವಾಗ ಹೇಳುವುದೆಲ್ಲ ಊಹೆ.

ತೂರಾಟಕ್ಕೆ ಬೇರೆ ಕಾರಣಗಳೂ ಉಂಟು: ಚಳಿ, ಕಿವಿಯ ಸೋಂಕು, ಬೆನ್ನಿನ ಡಿಸ್ಕ್ ಸರಿದಿರುವುದು, ಮಿದುಳಿನ ಗೆಡ್ಡೆ, ನಿತ್ರಾಣ, ಕೊನೆಗೆ ಕಾಲ್ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ ಒಂದು ಕೂದಲೆಳೆ ಕೂಡ. ಇವುಗಳಲ್ಲಿ ಹಲವು ಗುಣವಾಗುವಂಥವು. ಆದ್ದರಿಂದ ತೂರಾಟ ಕಂಡಾಗ ಮೊದಲು ಹೊಟ್ಟೆ ತಣ್ಣಗಿದೆಯೇ ನೋಡಿ, ಆಮೇಲೆ ಬೆರಳುಗಳನ್ನು ನೋಡಿ, ಮತ್ತೆ ವೈದ್ಯರ ಬಳಿ ಹೋಗಿ.

ಸಿಂಡ್ರೋಮೇ ಇರಬಹುದೆಂದು ವೈದ್ಯರು ಹೇಳಿದರೂ ಮಾಡುವುದು ಬಹಳ ಇದೆ. ಚಕ್ರವನ್ನೂ ಏರುಮೆಟ್ಟಿಲನ್ನೂ ತೆಗೆದು ಗೂಡನ್ನು ಸಮತಟ್ಟು ಮಾಡಿ. ಜಾರದ ಫ್ಲೀಸ್ ಬಟ್ಟೆ ಹಾಸಿ. ಅಂಚು ತಗ್ಗಿರುವ ಬಟ್ಟಲಿಡಿ. ಉರುಳದಂತೆ ಎರಡೂ ಪಕ್ಕಕ್ಕೆ ಸುರುಳಿ ಸುತ್ತಿದ ಟವೆಲ್ ಒತ್ತಿಡಿ. ಮೂತ್ರ ಮೆತ್ತಿ ಹೊಟ್ಟೆಯ ಚರ್ಮ ಹುಣ್ಣಾಗದಂತೆ ದಿನವೂ ಒರೆಸಿ. ತಿನ್ನಲು ಆಗದ ದಿನ ಕೈಯಾರೆ ತಿನ್ನಿಸಿ. ಹೀಗೆ ನೋಡಿಕೊಂಡರೆ ಇನ್ನೂ ಹಲವು ತಿಂಗಳು ಅದು ನೆಮ್ಮದಿಯಿಂದ ಇರಬಲ್ಲದು.

ತಪ್ಪು ಕಲ್ಪನೆ 9: ಬಾಯಲ್ಲಿ ನೊರೆ ಬಂದರೆ ಹುಚ್ಚು ರೋಗ ಅಥವಾ ಫಿಟ್ಸ್.

ವಾಸ್ತವ: ಹೊಸ ವಾಸನೆಯೋ ರುಚಿಯೋ ಸಿಕ್ಕಿದಾಗ ಹೆಡ್ಜ್‌ಹಾಗ್ ಅದನ್ನು ಕಚ್ಚಿ ನೆಕ್ಕಿ ನೊರೆ ಮಾಡಿಕೊಂಡು, ಮೈಯನ್ನು ವಿಚಿತ್ರವಾಗಿ ತಿರುಚಿ ಬೆನ್ನ ಮುಳ್ಳುಗಳಿಗೆ ಸವರಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುವುದು ಸಹಜ. ಇದು ಈ ಪ್ರಾಣಿಯ ಹುಟ್ಟುಗುಣ, ಕಾಯಿಲೆಯಲ್ಲ. ಸುಮ್ಮನೆ ಬಿಟ್ಟರೆ ಮುಗಿಸಿಕೊಂಡು ತನ್ನ ಪಾಡಿಗೆ ಹೋಗುತ್ತದೆ. ಕಾಳಜಿ ಮಾಡಬೇಕಾದದ್ದು ಜೊಲ್ಲು ತಾನಾಗಿ ಸುರಿಯುತ್ತಿದ್ದರೆ, ಬಾಯಿ ನಾರುತ್ತಿದ್ದರೆ, ಮುಖದ ಒಂದು ಪಕ್ಕ ಊದಿದ್ದರೆ. ವಸಡಿನ ರೋಗವೂ ಬಾಯಿಯ ಕ್ಯಾನ್ಸರೂ ಹೆಡ್ಜ್‌ಹಾಗ್‌ಗಳಲ್ಲಿ ಸಾಮಾನ್ಯ. ಮೂರು ವರ್ಷ ದಾಟಿದವುಗಳಲ್ಲಿ ಗೆಡ್ಡೆಗಳು ಹೆಚ್ಚು.

ತಪ್ಪು ಕಲ್ಪನೆ 10: ಹೆಣ್ಣಿನ ಹಾಸಿಗೆಯಲ್ಲಿ ರಕ್ತ ಕಂಡರೆ ಅದು ಮುಟ್ಟು.

ವಾಸ್ತವ: ಹೆಡ್ಜ್‌ಹಾಗ್ ಮುಟ್ಟಾಗುವುದಿಲ್ಲ. ಮೂತ್ರದ ಜೊತೆ ರಕ್ತ ಕಂಡರೆ ಮೂತ್ರಕೋಶದ ಸೋಂಕೋ ಕಲ್ಲೋ ಇರಬಹುದು. ಪ್ರಾಯದ ಹೆಣ್ಣಿನಲ್ಲಿ ಮೊದಲು ಶಂಕಿಸಬೇಕಾದದ್ದು ಗರ್ಭಕೋಶದ ಗೆಡ್ಡೆ. ಬೇಗ ಗೊತ್ತಾದರೆ ಗರ್ಭಕೋಶ ತೆಗೆದುಹಾಕುವ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು. ಮುಂದಿನ ತಿಂಗಳು ನೋಡೋಣ ಎಂದು ಕಾದರೆ ರಕ್ತಹೀನತೆಯೇ ಕೊಲ್ಲುತ್ತದೆ.

ತಪ್ಪು ಕಲ್ಪನೆ 11: ಮುಳ್ಳು ಉದುರುತ್ತಿದ್ದರೆ ಎಣ್ಣೆ, ಅರಿಶಿನ ಹಚ್ಚಿದರೆ ಸಾಕು.

ವಾಸ್ತವ: ಮರಿಗಳಿಗೆ ಹಾಲುಹಲ್ಲು ಬೀಳುವಂತೆ ಮುಳ್ಳು ಉದುರಿ ಹೊಸದು ಬರುವುದು ಸಹಜ. ಹೊಸ ಮುಳ್ಳುಗಳ ಮೊನೆ ಕಾಣುತ್ತಿದ್ದು, ಚರ್ಮ ಶುಭ್ರವಾಗಿದ್ದರೆ ಚಿಂತೆಯಿಲ್ಲ. ದೊಡ್ಡದರಲ್ಲಿ ಮುಳ್ಳು ಉದುರಿ, ತಲೆಹೊಟ್ಟಿನಂಥ ಪುಡಿ ಬಿದ್ದು, ಸದಾ ಕೆರೆದುಕೊಳ್ಳುತ್ತಿದ್ದರೆ ಬಹುಮಟ್ಟಿಗೆ ಅದು ಚರ್ಮದ ನುಸಿ. ಮುಖ, ಕಿವಿಗಳ ಮೇಲೆ ಹೊಪ್ಪಳೆ ಕಟ್ಟಿದ್ದರೆ ಹುಳುಕಡ್ಡಿಯೂ ಇರಬಹುದು. ಎರಡಕ್ಕೂ ಔಷಧಿ ಬೇರೆ. ಚರ್ಮವನ್ನು ಕೆರೆದು ಪರೀಕ್ಷಿಸಿದ ಮೇಲಷ್ಟೇ ಯಾವುದೆಂದು ತಿಳಿಯುತ್ತದೆ. ಹಚ್ಚಿದ್ದನ್ನೆಲ್ಲ ನೆಕ್ಕುವ ಪ್ರಾಣಿ ಇದು. ಟೀ ಟ್ರೀ ಎಣ್ಣೆಯಂಥ ಘಾಟಿನ ಎಣ್ಣೆಗಳು ಅದಕ್ಕೆ ವಿಷವಾಗಬಹುದು. ನಾಯಿಯ ಉಣ್ಣಿಗೆ ತಂದಿಟ್ಟ ಔಷಧಿಯನ್ನು ಅಂದಾಜಿನ ಮೇಲೆ ಹನಿಸುವುದೂ ಬೇಡ.

ತಪ್ಪು ಕಲ್ಪನೆ 12: ಸಣ್ಣ ಪ್ರಾಣಿ, ನಮ್ಮ ಮಾತ್ರೆಯಲ್ಲಿ ಕಾಲು ಭಾಗ ಕೊಟ್ಟರೆ ಸರಿಹೋಗುತ್ತದೆ.

ವಾಸ್ತವ: ಲೆಕ್ಕ ಹಾಕಿ ನೋಡಿ. 400 ಗ್ರಾಂ ತೂಕದ ಹೆಡ್ಜ್‌ಹಾಗ್ 60 ಕಿಲೋ ತೂಕದ ಮನುಷ್ಯನ 150ನೇ ಒಂದು ಪಾಲು. 500 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನ ಕಾಲು ಮಾತ್ರೆ ಅದಕ್ಕೆ ಕೊಡುವುದೆಂದರೆ ಆ ಮನುಷ್ಯ ಒಂದೇ ಸಲಕ್ಕೆ 37ಕ್ಕೂ ಹೆಚ್ಚು ಮಾತ್ರೆ ನುಂಗಿದಂತೆ. ಇದು ಬರಿಯ ತೂಕದ ಲೆಕ್ಕ. ಒಂದೊಂದು ಪ್ರಾಣಿಯ ಯಕೃತ್ತು ಔಷಧಿಯನ್ನು ಒಂದೊಂದು ರೀತಿ ಅರಗಿಸುತ್ತದೆ ಎಂಬುದು ಇದರ ಮೇಲೆ. ನೋವಿಗೂ ಸೋಂಕಿಗೂ ಹೆಡ್ಜ್‌ಹಾಗ್‌ಗೆ ಒಗ್ಗುವ ಔಷಧಿಗಳಿವೆ. ಹನಿಗಳ ಲೆಕ್ಕದಲ್ಲಿ ಕೊಡುವ ಆ ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು. ಅವರು ಮುಟ್ಟಿ ನೋಡಲು ಅರಿವಳಿಕೆ ಕೊಡಬೇಕೆಂದರೆ ಹೆದರಬೇಡಿ. ಮುದ್ದೆಯಾಗಿ ಮುದುರಿಕೊಂಡ ಪ್ರಾಣಿಯ ಬಾಯಿ, ಹೊಟ್ಟೆ ಬೇರೆ ರೀತಿಯಲ್ಲಿ ಪರೀಕ್ಷೆಗೆ ಸಿಗುವುದಿಲ್ಲ. ಐಸೊಫ್ಲುರೇನ್ ಅನಿಲವನ್ನು ಸ್ವಲ್ಪ ಹೊತ್ತು ಕೊಡುವುದು ಈ ಚಿಕಿತ್ಸೆಯಲ್ಲಿ ದಿನನಿತ್ಯದ ರೂಢಿ.

ತಪ್ಪು ಕಲ್ಪನೆ 13: ಅದರ ಕಾಯಿಲೆ ಅದಕ್ಕೆ, ನಮಗೇನೂ ಆಗದು.

ವಾಸ್ತವ: ಹುಳುಕಡ್ಡಿ ಹೆಡ್ಜ್‌ಹಾಗ್‌ನಿಂದ ಮನುಷ್ಯರಿಗೆ ಹತ್ತುತ್ತದೆ. ಸಾಲ್ಮೊನೆಲ್ಲಾ ಇನ್ನೂ ಮೋಸಗಾರ. ನೋಡಲು ಗಟ್ಟಿಮುಟ್ಟಾಗಿರುವ ಹೆಡ್ಜ್‌ಹಾಗ್‌ನ ಹಿಕ್ಕೆಯಲ್ಲೂ ಅದು ಇರಬಲ್ಲದು. 2019ರಲ್ಲಿ ಇಂಥ ಸೋಂಕು ಹರಡಿದಾಗ, ಹೆಡ್ಜ್‌ಹಾಗ್‌ಗೆ ಮುತ್ತಿಕ್ಕಬೇಡಿ, ಮುಖಕ್ಕೆ ಒತ್ತಿಕೊಳ್ಳಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಸಿತ್ತು. 2020ರಲ್ಲಿ ಮತ್ತೆ ಹರಡಿತು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬಟ್ಟಲು, ಚಕ್ರಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಶುಶ್ರೂಷೆಯ ಕೆಲಸದಿಂದ ದೂರವಿರಲಿ.

ಇನ್ನೊಂದು ಮಾತು ಹೇಳದೆ ಮುಗಿಸಲಾಗದು. ಗುಣವಾಗದ ಹಂತ ತಲುಪಿದ ಪ್ರಾಣಿಗೆ ದಯಾಮರಣ ಕೊಡಿಸುವುದು ಪಾಪವೆಂದು ಹಿಂಜರಿಯುವ ಮನೆಗಳಿವೆ. ನುಂಗಲಾಗದೆ, ಮಗ್ಗುಲು ತಿರುಗಲಾಗದೆ, ಉಸಿರಿಗೆ ಹೋರಾಡುತ್ತಿರುವುದನ್ನು ಗೂಡಿನಲ್ಲಿ ದಿನಗಟ್ಟಲೆ ಬಿಡುವುದು ಸಹಜ ಸಾವಲ್ಲ, ನರಳಾಟ. ತಿನ್ನುತ್ತಿದೆಯೇ, ನೋವು ಔಷಧಿಗೆ ಬಗ್ಗುತ್ತಿದೆಯೇ, ಕೆಟ್ಟ ದಿನಗಳು ಒಳ್ಳೆಯ ದಿನಗಳಿಗಿಂತ ಹೆಚ್ಚಾಗಿವೆಯೇ ಎಂದು ಬರೆದಿಟ್ಟ ಲೆಕ್ಕ ನೋಡಿ, ವೈದ್ಯರೊಡನೆ ಕೂತು ತೀರ್ಮಾನಿಸಿ.

ಹೆಡ್ಜ್‌ಹಾಗ್‌ಗೆ ಮನೆಯವರು ಕೊಡಬಹುದಾದದ್ದು ಬೆಚ್ಚಗಿನ ಜಾಗ, ನೀರು, ಆಹಾರ, ಶುಚಿ ಮತ್ತು ಗಮನ. ಔಷಧಿ ಕೊಡುವುದು ವೈದ್ಯರ ಕೆಲಸ. ಎಲ್ಲ ಪಶುವೈದ್ಯರೂ ಹೆಡ್ಜ್‌ಹಾಗ್ ನೋಡುವುದಿಲ್ಲ. ಆದ್ದರಿಂದ ಪ್ರಾಣಿ ಚೆನ್ನಾಗಿರುವಾಗಲೇ, ಇಂಥ ಪ್ರಾಣಿಗಳಿಗೆ ಚಿಕಿತ್ಸೆ ಮಾಡಿ ಗೊತ್ತಿರುವವರನ್ನು ಹುಡುಕಿ, ರಾತ್ರಿ ತುರ್ತಿಗೆ ಯಾರಿದ್ದಾರೆಂದು ಕೇಳಿ, ನಂಬರನ್ನು ಗೂಡಿನ ಪಕ್ಕ ಅಂಟಿಸಿಡಿ. ಒಂದು ತಕ್ಕಡಿ, ಗೂಡಿನೊಳಗೊಂದು ಥರ್ಮಾಮೀಟರ್, ಸೂಜಿಯಿಲ್ಲದ ಒಂದೆರಡು ಸಿರಿಂಜ್ ಜೊತೆಗಿರಲಿ. ಇಷ್ಟು ಮಾಡಲಾಗದಿದ್ದರೆ ಹೆಡ್ಜ್‌ಹಾಗ್ ಸಾಕುವ ಆಸೆಯನ್ನು ಬಿಡುವುದೇ ಒಳ್ಳೆಯದು.